ಕ್ಲಾಟ್ ಮತ್ತೆ ಬರೀಲಾ, ಬಿಡ್ಲಾ? ಮೊದಲು ಆ 45 ತಪ್ಪುಗಳನ್ನ ಎದುರಿಗಿಟ್ಕೊಳ್ಳಿ

ಪ್ರಶ್ನೆ: ಮೇಡಂ, ನಾನು ಹರಿಹರದ ಹತ್ರ ಒಂದು ಹಳ್ಳಿಯವಳು. ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ, ಆಮೇಲೆ ದಾವಣಗೆರೆಲಿ ಪಿಯುಸಿ ಕಾಮರ್ಸ್, 91% ಬಂದಿದೆ. ಡಿಸೆಂಬರ್‌ನಲ್ಲಿ ನ್ಯಾಷನಲ್ ಲಾ ಯೂನಿವರ್ಸಿಟಿಗಳ ಪ್ರವೇಶ ಪರೀಕ್ಷೆ ಕ್ಲಾಟ್ ಬರೆದೆ. 120ರಲ್ಲಿ 112 ಪ್ರಶ್ನೆ ಟಿಕ್ ಮಾಡಿದ್ದೆ, 67 ಸರಿ, 45 ತಪ್ಪು, ಒಟ್ಟು 55.75 ಅಂಕ, ರ್‍ಯಾಂಕ್ ಒಂಬತ್ತು ಸಾವಿರ ದಾಟಿದೆ. ಯಾವ ನ್ಯಾಷನಲ್ ಲಾ ಯೂನಿವರ್ಸಿಟಿನೂ (ಎನ್‌ಎಲ್‌ಯು) ಸಿಗಲಿಲ್ಲ. ಕೋಚಿಂಗ್‌ನವರು ದಿನಾ ಫೋನ್ ಮಾಡಿ ರಿಪೀಟರ್ ಬ್ಯಾಚ್ ಸೇರಿ, ಒಂದು ವರ್ಷ ಬೆಂಗಳೂರಲ್ಲಿ ಪಿಜಿಲಿ ಇದ್ದು ಓದಿದ್ರೆ ಸೀಟ್ ಗ್ಯಾರಂಟಿ ಅಂತಾರೆ. ಅದಕ್ಕೆ ಸಾಲ ಮಾಡ್ಬೇಕು. ದೊಡ್ಡಪ್ಪ ಹೆಣ್ಣುಮಗು ಒಂದು ವರ್ಷ ಮನೇಲಿ ಕೂತ್ರೆ ಹೇಗೆ ಅಂತಾರೆ. ಅಪ್ಪ ಮಾತ್ರ "ನಿನ್ನಿಷ್ಟ ಕಣಮ್ಮ" ಅಂತಾರೆ, ಅದೇ ನಂಗೆ ಜಾಸ್ತಿ ಭಾರ ಅನ್ಸುತ್ತೆ. ಫ್ರೆಂಡ್ಸ್ ಫೋನ್ ಎತ್ತೋದು ಬಿಟ್ಟಿದೀನಿ. ಕನ್ನಡ ಮೀಡಿಯಂನೋರಿಗೆ ಇದು ಆಗಲ್ವೇನೋ ಅನ್ಸ್ತಿದೆ. ಒಂದು ವರ್ಷ ಡ್ರಾಪ್ ಮಾಡಿ ಮತ್ತೆ ಕ್ಲಾಟ್ ಬರೀಲಾ, ಇಲ್ಲಾ ದಾವಣಗೆರೆಲೇ ಬಿಎ ಎಲ್‌ಎಲ್‌ಬಿ ಸೇರ್ಲಾ?

ಉತ್ತರ:

ನಿಮ್ಮ ಪೂರ್ತಿ ಪತ್ರ ಎರಡು ಸಲ ಓದಿದೆ (ಮೇಲಿರೋದು ಅದರ ಸಾರ). ಇದರಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಹೆಣ್ಕೊಂಡಿದೆ ಅನ್ಸ್ತು. ಒಂದು, ಮತ್ತೆ ಬರೆದ್ರೆ ಅಂಕ ಏರುತ್ತಾ ಅನ್ನೋದು. ಇನ್ನೊಂದು, ನಾನು ಇದಕ್ಕೆ ಲಾಯಕ್ಕಾ ಅನ್ನೋದು. ಮೊದಲನೇದಕ್ಕೆ ನಿಮ್ಮ ಪೇಪರ್‌ನಲ್ಲೇ ಉತ್ತರ ಇದೆ. ಎರಡನೇದಕ್ಕೆ ಕ್ಲಾಟ್ ಪೇಪರ್ ಉತ್ತರ ಕೊಡೋಕೇ ಆಗಲ್ಲ, ಅದು ಎರಡು ಗಂಟೇಲಿ ಇಂಗ್ಲಿಷ್ ಎಷ್ಟು ವೇಗವಾಗಿ ಓದ್ತೀರಿ ಅಂತ ನೋಡೋ ಪರೀಕ್ಷೆ, ನೀವು ಒಳ್ಳೇ ವಕೀಲೆ ಆಗ್ತೀರಾ ಇಲ್ವಾ ಅಂತ ಅದಕ್ಕೆ ಗೊತ್ತಿಲ್ಲ. ನಾನು ಆರು ವರ್ಷ ಕೋರ್ಟಲ್ಲಿ ಕೆಲಸ ಮಾಡಿ ಆಮೇಲೆ ಹತ್ತೊಂಬತ್ತು ವರ್ಷದಿಂದ ಲಾ ಕಾಲೇಜಲ್ಲಿ ಪಾಠ ಮಾಡ್ತಿದೀನಿ, ಪ್ರತಿ ವರ್ಷ ಏಪ್ರಿಲ್ ಮೇನಲ್ಲಿ ಇದೇ ಪ್ರಶ್ನೆ ಹಿಡ್ಕೊಂಡು ಮಕ್ಕಳು ಅಪ್ಪ ಅಮ್ಮನ ಜೊತೆ ಬರ್ತಾರೆ, ಎಲ್ರಿಗೂ ಮೊದಲು ಕೇಳೋದು ಒಂದೇ: ಪ್ರಶ್ನೆಪತ್ರಿಕೆ ತಂದಿದೀರಾ? ಹೆಚ್ಚಿನೋರು ತಂದಿರಲ್ಲ. ರ್‍ಯಾಂಕ್ ಮಾತ್ರ ಬಾಯಿಪಾಠ ಆಗಿರುತ್ತೆ. ನೀವು ಸರಿ ತಪ್ಪಿನ ಲೆಕ್ಕ ಇಟ್ಟಿದೀರಿ, ಕೇಳಿದ ಮೇಲೆ ವಿಭಾಗದ ಲೆಕ್ಕನೂ ಕಳಿಸಿದ್ರಿ, ಅಷ್ಟರಲ್ಲೇ ನೀವು ಅರ್ಧ ದಾರಿ ಬಂದಿದೀರಿ.

ಆ ಲೆಕ್ಕ ನೋಡೋಣ. ಇಂಗ್ಲಿಷ್‌ನಲ್ಲಿ 24ಕ್ಕೆ 16 ಸರಿ. ಕರೆಂಟ್ ಅಫೇರ್ಸ್ 30ಕ್ಕೆ 12. ಲೀಗಲ್ ರೀಸನಿಂಗ್ 30ಕ್ಕೆ 21. ಲಾಜಿಕಲ್ 24ಕ್ಕೆ 14. ಗಣಿತ 12ಕ್ಕೆ 4, ಅದರಲ್ಲಿ ಐದು ಮುಟ್ಟೇ ಇಲ್ಲ.

ನೀವು "ನೆಗೆಟಿವ್ ಮಾರ್ಕಿಂಗ್ ನನ್ನ ಮುಳುಗಿಸ್ತು" ಅಂತ ಬರೆದಿದ್ರಿ, ಎಲ್ರೂ ಇದೇ ಹೇಳ್ತಾರೆ, ಆದ್ರೆ ಕೂತು ಲೆಕ್ಕ ಹಾಕಿದ್ರೆ ಹಾಗಿಲ್ಲ. ಒಂದು ತಪ್ಪಿಗೆ ಹೋಗೋದು ಕಾಲು ಅಂಕ. 45 ತಪ್ಪಿಗೆ 11.25. ಆ 45ನ್ನೂ ಖಾಲಿ ಬಿಟ್ಟಿದ್ರೂ ನಿಮಗೆ ಬರ್ತಿದ್ದಿದ್ದು 67 ಮಾತ್ರ. ನಾಲ್ಕು ಆಯ್ಕೆಲಿ ಕಣ್ಣುಮುಚ್ಚಿ ಟಿಕ್ ಮಾಡಿದ್ರೂ ನಾಲ್ಕರಲ್ಲಿ ಒಂದು ಸರಿ ಹೋಗಿ ಒಂದು ಅಂಕ ಬರುತ್ತೆ, ಮೂರು ತಪ್ಪಾಗಿ ಮುಕ್ಕಾಲು ಹೋಗುತ್ತೆ, ಅಂದ್ರೆ ಊಹೆ ಮಾಡಿದ್ದಕ್ಕೆ ಸರಾಸರಿ ನಷ್ಟ ಇಲ್ಲ, ಎರಡು ಆಯ್ಕೆ ತೆಗೆದುಹಾಕಿ ಉಳಿದ ಎರಡರಲ್ಲಿ ಊಹಿಸಿದ್ರೆ ಚೆನ್ನಾಗೇ ಲಾಭ. ಹಾಗಾಗಿ ಮುಂದಿನ ಸಲ ಹೆದರ್ಕೊಂಡು 80 ಮಾತ್ರ ಅಟೆಂಪ್ಟ್ ಮಾಡ್ತೀನಿ ಅಂತ ಯೋಚಿಸ್ಬೇಡಿ, ನಿಮ್ಮ ತೊಂದರೆ ಇರೋದು ಕಳೆದ 11 ಅಂಕದಲ್ಲಲ್ಲ, ಬರಬೇಕಿದ್ದು ಬರದೇ ಹೋದ 45ರಲ್ಲಿ.

ಅದ್ಯಾಕೆ ಬರಲಿಲ್ಲ? 2020ರಿಂದ ಕ್ಲಾಟ್ ಪೂರ್ತಿ ಪ್ಯಾಸೇಜ್ ಮೇಲೆ ನಡೀತಿದೆ. ಮೊದಲು 200 ಪ್ರಶ್ನೆ ಇತ್ತು, 2020ರಿಂದ 150 ಆಯ್ತು, 2023ರ ಡಿಸೆಂಬರ್‌ನಲ್ಲಿ ನಡೆದ ಪರೀಕ್ಷೆಯಿಂದ 120. ಕಡಿಮೆ ಆಯ್ತಲ್ಲ ಸುಲಭ ಅಂತ ಜನ ಅಂದ್ಕೋತಾರೆ. ಒಂದೊಂದು ಪ್ಯಾಸೇಜ್ ಸುಮಾರು 450 ಪದದವರೆಗೂ ಹೋಗುತ್ತೆ, ಒಂದಕ್ಕೆ ಐದಾರು ಪ್ರಶ್ನೆ, ಅಂದ್ರೆ ಎರಡು ಗಂಟೇಲಿ ನೀವು ಹೆಚ್ಚುಕಡಿಮೆ ಹತ್ತು ಸಾವಿರ ಪದ ಇಂಗ್ಲಿಷ್ ಓದಿ, ಅರ್ಥ ಮಾಡ್ಕೊಂಡು, ಉತ್ತರನೂ ಕೊಡ್ಬೇಕು. ಕಾನ್ವೆಂಟಲ್ಲಿ ಓದಿ ಮನೇಲೂ ಇಂಗ್ಲಿಷ್ ಕಾದಂಬರಿ ಓದ್ಕೊಂಡು ಬೆಳೆದ ಮಗು ಅದನ್ನ 50 ನಿಮಿಷದಲ್ಲಿ ಓದಿ ಮುಗಿಸಿ 70 ನಿಮಿಷ ಯೋಚನೆಗೆ ಇಟ್ಕೊಳ್ಳುತ್ತೆ, ನಿಮಗೆ ಓದೋಕೇ 80 ನಿಮಿಷ ಬೇಕು, ಹಾಗಾಗಿ ಯೋಚನೆಗೆ 40 ನಿಮಿಷ. "ಕೊನೇ ಅರ್ಧ ಗಂಟೆ ಕೈ ನಡುಗ್ತು, ಏನೇನೋ ಟಿಕ್ ಮಾಡಿದೆ" ಅಂತ ಬರೆದಿದ್ರಲ್ಲ, ಅದು ಧೈರ್ಯದ ಕೊರತೆ ಅಲ್ಲಮ್ಮ, ಟೈಮ್ ಇರ್ಲಿಲ್ಲ ಅಷ್ಟೇ. ಕ್ಲಾಟ್ ಇರೋದೇ ಇಂಗ್ಲಿಷ್‌ನಲ್ಲಿ ಮಾತ್ರ, ಕನ್ನಡದಲ್ಲಿ ಬರೆಯೋ ಅವಕಾಶ ಇಲ್ಲ, ಇದು ಅನ್ಯಾಯ ಅಂತ ನಾನು ಎಷ್ಟೋ ವೇದಿಕೇಲಿ ಹೇಳಿದೀನಿ, ಇವತ್ತೂ ಹೇಳ್ತೀನಿ. ಆದ್ರೆ ಓದೋ ವೇಗ ಬೆಳೆಸ್ಕೊಳ್ಳೋ ವಿದ್ಯೆ. ಕನ್ನಡ ಮೀಡಿಯಂನಿಂದ ಬಂದು ಲೀಗಲ್‌ನಲ್ಲಿ 30ಕ್ಕೆ 21 ತೆಗೆದಿದೀರಿ, ಅಲ್ಲಿ ಮೊದಲೇ ಕಾನೂನು ಗೊತ್ತಿರಬೇಕಿಲ್ಲ, ಕೊಟ್ಟಿರೋ ನಿಯಮನ ಕೊಟ್ಟಿರೋ ಸಂದರ್ಭಕ್ಕೆ ಹಚ್ಚಬೇಕು, ಅಂದ್ರೆ ನಿಮ್ಮ ತಲೆ ಸರಿಯಾಗೇ ಕೆಲಸ ಮಾಡ್ತಿದೆ.

ಕರೆಂಟ್ ಅಫೇರ್ಸ್‌ನಲ್ಲಿ ಹೋಗಿರೋ 18ನ್ನ ನೋಡಿದಾಗ ನಂಗೆ ನಿಜವಾಗ್ಲೂ ಸಮಾಧಾನ ಆಯ್ತು. ಯಾಕಂದ್ರೆ ಆ ವಿಭಾಗದಲ್ಲಿ ಪ್ಯಾಸೇಜ್ ಇದ್ರೂ ಉತ್ತರ ಹೆಚ್ಚಾಗಿ ಪ್ಯಾಸೇಜ್ ಒಳಗಿರಲ್ಲ, ಗೊತ್ತಿದ್ರೆ ಹತ್ತು ಸೆಕೆಂಡು, ಗೊತ್ತಿಲ್ಲಾಂದ್ರೆ ಹತ್ತು ನಿಮಿಷ ನೋಡಿದ್ರೂ ಗೊತ್ತಾಗಲ್ಲ. ಪಿಯುಸಿ ಓದ್ಕೊಂಡು ಪೇಪರ್ ಓದೋಕೆ ಪುರುಸೊತ್ತು ಎಲ್ಲಿತ್ತು ನಿಮಗೆ. ಏಳು ತಿಂಗಳಲ್ಲಿ ಎಲ್ಲಕ್ಕಿಂತ ಬೇಗ ಏರೋದು ಇದೇ, ಮತ್ತೆ ಇಲ್ಲಿ ಉಳಿಯೋ ಸಮಯ ಗಣಿತಕ್ಕೆ ಹೋಗುತ್ತೆ, ಅದು ಹತ್ತನೇ ಕ್ಲಾಸಿನ ಶೇಕಡಾ, ಅನುಪಾತ, ಸರಾಸರಿ, ಕಾಮರ್ಸ್ ಓದಿದೋರಿಗೆ ಹೆದರೋ ವಿಷಯವೇ ಅಲ್ಲ. 67 ಸರಿ ಇದ್ದಿದ್ದು 82 ಆಗಿ, ತಪ್ಪು 28ಕ್ಕೆ ಇಳಿದ್ರೆ ಅಂಕ 75. ಒಂಬತ್ತು ಸಾವಿರದ ರ್‍ಯಾಂಕ್ ಆಗ ಇರಲ್ಲ. ಇಪ್ಪತ್ತನಾಲ್ಕಕ್ಕೂ ಹೆಚ್ಚು ಎನ್‌ಎಲ್‌ಯು ಸೇರಿ ಮೂರು ಸಾವಿರ ಚಿಲ್ಲರೆ ಸೀಟು, ಬರೆಯೋರು ಹತ್ತಾರು ಸಾವಿರ, ನಡುವೆ ಜನ ಎಷ್ಟು ಒತ್ತೊತ್ತಾಗಿ ನಿಂತಿರ್ತಾರೆ ಅಂದ್ರೆ ನಾಲ್ಕೈದು ಅಂಕಕ್ಕೆ ರ್‍ಯಾಂಕ್ ಎಲ್ಲಿಂದೆಲ್ಲಿಗೋ ಜಿಗಿಯುತ್ತೆ. ಕ್ಲಾಟ್ 2025 ನೆನಪಿದ್ಯಾ, 2024ರ ಡಿಸೆಂಬರ್ 1ಕ್ಕೆ ಪರೀಕ್ಷೆ ಆಯ್ತು, ಸರಿ ಉತ್ತರಗಳ ಪಟ್ಟಿಲೇ ತಪ್ಪಿದೆ ಅಂತ ಮಕ್ಕಳು ದೆಹಲಿ ಹೈಕೋರ್ಟಿಗೆ ಹೋದ್ರು, ಕೊನೆಗೆ ಸುಪ್ರೀಂ ಕೋರ್ಟ್ ತೀರ್ಮಾನ ಬಂದಿದ್ದು 2025ರ ಮೇನಲ್ಲಿ. ಬೆರಳೆಣಿಕೆ ಪ್ರಶ್ನೆಗಳ ಉತ್ತರ ಬದಲಾಗಿದ್ದಕ್ಕೆ ಎಷ್ಟೋ ಜನರ ರ್‍ಯಾಂಕ್ ಪಲ್ಟಿ ಆಯ್ತು. ಆ ನಂಬರನ್ನ ಹಣೇಲಿ ಬರ್ಕೊಂಡು ಓಡಾಡ್ಬೇಡಿ.

ಈಗ ಸುತ್ತಲಿನವರು ಹೇಳೋ ಮಾತುಗಳು. ಗ್ಯಾಪ್ ಇದ್ರೆ ಮುಂದೆ ಸನದು (ವಕೀಲಿಕೆ ಪರವಾನಗಿ) ಸಿಗಲ್ಲ ಅಂತ ಯಾರೋ ಹೇಳಿದ್ರು ಅಂದ್ರಿ, ಸುಳ್ಳು. ಕ್ಲಾಟ್‌ಗೆ ಮೇಲಿನ ವಯಸ್ಸಿನ ಮಿತಿ ಇಲ್ಲ, ಎಷ್ಟು ಸಲ ಬೇಕಾದ್ರೂ ಬರೀಬಹುದು, ಸಾಮಾನ್ಯ ವರ್ಗಕ್ಕೆ ಪಿಯುಸಿಲಿ 45%, ಎಸ್‌ಸಿ ಎಸ್‌ಟಿಗೆ 40% ಇದ್ರೆ ಸಾಕು. ಎರಡನೇ ಸಲ ಬರೆದ್ರೆ ತಾನಾಗೇ ಜಾಸ್ತಿ ಬರುತ್ತೆ ಅನ್ನೋದೂ ಸುಳ್ಳು. ಅದೇ ಪುಸ್ತಕ, ಅದೇ ರೀತಿ ಓದಿ ಎರಡನೇ ಸಲ ಕಡಿಮೆ ತೆಗೆದೋರನ್ನೂ ನೋಡಿದೀನಿ, ಆ ಮಕ್ಕಳ ಮುಖ ಮರೆಯೋಕಾಗಲ್ಲ. ಗ್ಯಾರಂಟಿ ಸೀಟು ಅಂತ ಯಾರು ಹೇಳ್ತಾರೋ ಅವರಿಗೆ ದಯವಿಟ್ಟು ಒಂದು ರೂಪಾಯಿನೂ ಕೊಡ್ಬೇಡಿ, ಈ ಪರೀಕ್ಷೇಲಿ ಗ್ಯಾರಂಟಿ ಕೊಡೋ ಶಕ್ತಿ ಯಾರಿಗೂ ಇಲ್ಲ.

ಎನ್‌ಎಲ್‌ಯು ಇಲ್ಲಾಂದ್ರೆ ಲಾ ವೇಸ್ಟ್ ಅನ್ನೋ ಮಾತಿದೆಯಲ್ಲ, ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಎರಡೂ ಕಡೆಯವರು ಅರ್ಧ ಸತ್ಯ ಹೇಳ್ತಾರೆ. ಬೆಳಗಾವಿಯ ಲಖಮಗೌಡ ಕಾನೂನು ಕಾಲೇಜಲ್ಲಿ ಓದಿದ್ದ ಇ.ಎಸ್. ವೆಂಕಟರಾಮಯ್ಯನವರು 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿ ಆದ್ರು ಅಂತ ನಮ್ಮವರು ಹೆಮ್ಮೆಯಿಂದ ಹೇಳ್ತಾರೆ, ಹೆಮ್ಮೆ ಸರಿ, ಹೋಲಿಕೆ ಸರಿಯಲ್ಲ, ಬೆಂಗಳೂರಿನ ಎನ್‌ಎಲ್‌ಯು ಆದ ನ್ಯಾಷನಲ್ ಲಾ ಸ್ಕೂಲಿಗೆ ಮೊದಲ ಬ್ಯಾಚ್ ಸೇರಿದ್ದೇ 1988ರಲ್ಲಿ, ಅವರ ಕಾಲದಲ್ಲಿ ಈ ಸ್ಪರ್ಧೆನೇ ಇರಲಿಲ್ಲ. ಇವತ್ತು ಮುಂಬೈ ದೆಹಲಿಯ ದೊಡ್ಡ ಲಾ ಫರ್ಮ್‌ಗಳು ಓದು ಮುಗಿಯೋಕೆ ಮುಂಚೆನೇ ಮಕ್ಕಳನ್ನ ಆರಿಸ್ಕೊಳ್ಳೋದು ಹೆಚ್ಚಾಗಿ ಮೇಲಿನ ಕೆಲವು ಎನ್‌ಎಲ್‌ಯುಗಳಿಂದ, ಇದನ್ನ ನಿಮ್ಮ ಹತ್ರ ಮುಚ್ಚಿಡಲ್ಲ. ಆದ್ರೆ "ಮೇಲಿನ ಕೆಲವು" ಅನ್ನೋದನ್ನ ಗಮನಿಸಿ, ಎಲ್ಲಾ ಎನ್‌ಎಲ್‌ಯುಗೂ ಆ ಬಾಗಿಲು ತೆರೆದಿಲ್ಲ, ಫೀಸು ಹಾಸ್ಟೆಲ್ ಸೇರಿ ಐದು ವರ್ಷಕ್ಕೆ ಹತ್ತು ಲಕ್ಷ ದಾಟೋ ಕಡೆ ಬರೀ ಹೆಸರಿಗೋಸ್ಕರ ಸೇರಿ ಸಾಲದಲ್ಲಿ ಒದ್ದಾಡೋರೂ ಇದಾರೆ. ನಿಮಗೇನು ಆಗ್ಬೇಕು? ಪತ್ರದಲ್ಲಿ ಒಂದು ಸಾಲು ಬರೆದಿದ್ರಿ, ಅಜ್ಜನ ಜಮೀನಿನ ಕೇಸಿಗೆ ಅಪ್ಪನ ಜೊತೆ ಹರಿಹರ ಕೋರ್ಟಿಗೆ ಹೋಗ್ತಿದ್ದಾಗ ಜಡ್ಜ್ ಮೇಡಂ ನೋಡಿ ಈ ಆಸೆ ಹುಟ್ತು ಅಂತ. ಆ ಕುರ್ಚಿಗೆ ಹೋಗೋ ದಾರೀಲಿ ಯಾವ ಕಾಲೇಜು ಅಂತ ಯಾರೂ ಕೇಳಲ್ಲ. ಎಲ್‌ಎಲ್‌ಬಿ, ಬಾರ್ ಕೌನ್ಸಿಲ್ (ವಕೀಲರ ಪರಿಷತ್ತು) ನೋಂದಣಿ, ಆಲ್ ಇಂಡಿಯಾ ಬಾರ್ ಎಕ್ಸಾಂ, ಎನ್‌ಎಲ್‌ಯು ಆಗಲಿ ದಾವಣಗೆರೆ ಆಗಲಿ ಎಲ್ರಿಗೂ ಒಂದೇ. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಸಿವಿಲ್ ಜಡ್ಜ್ ಪರೀಕ್ಷೆಗೆ ಕನಿಷ್ಠ ಮೂರು ವರ್ಷ ವಕೀಲಿಕೆ ಬೇಕೇ ಬೇಕು ಅಂತ ಹೇಳಿದೆ. ಆ ಮೂರು ವರ್ಷ ನಮ್ಮ ತಾಲ್ಲೂಕು ಕೋರ್ಟಲ್ಲಿ ಕನ್ನಡದಲ್ಲಿ ಪ್ಲೇಂಟ್ (ದಾವೆ ಅರ್ಜಿ) ಬರೆದು, ಕನ್ನಡದಲ್ಲೇ ಸಾಕ್ಷಿನ ಪಾಟೀ ಸವಾಲು ಮಾಡೋರಿಗೆ ಸಿಗೋ ಅನುಭವ ಬೇರೆನೇ. ಕ್ಲಾಟ್‌ನಲ್ಲಿ ನಿಮಗೆ ಅಡ್ಡ ಬಂದ ಕನ್ನಡ ಅಲ್ಲಿ ನಿಮ್ಮ ಕೈಲಿರೋ ಬಲ.

ಸರಿ, ದಾರಿಗಳು ಯಾವುವು. ಮೊದಲನೇದು ಪೂರ್ತಿ ಡ್ರಾಪ್, ಅಂದ್ರೆ ಯಾವ ಕಾಲೇಜೂ ಸೇರದೆ ಕ್ಲಾಟ್‌ಗೇ ಓದೋದು. ಅದು ಒಂದು ವರ್ಷದ ಓದು ಅಂತ ಅಂದ್ಕೊಂಡಿದೀರಿ. ಪರೀಕ್ಷೆ ಡಿಸೆಂಬರ್ ಮೊದಲ ವಾರದ ಸುಮಾರಿಗೆ, ಈಗ ಮೇ, ಅಂದ್ರೆ ಓದೋಕೆ ಸಿಗೋದು ಏಳು ತಿಂಗಳು, ಆಮೇಲೆ ಕಾಲೇಜು ಶುರು ಆಗೋವರೆಗೂ ಆರೇಳು ತಿಂಗಳು ಬರೀ ಕಾಯೋದು. ಈ ಕಾಯೋ ತಿಂಗಳುಗಳ ಬಗ್ಗೆ ಕೋಚಿಂಗ್‌ನೋರು ಹೇಳಲ್ಲ, ಸಾಲದ ಬಡ್ಡಿ ಮಾತ್ರ ಆಗಲೂ ಓಡ್ತಿರುತ್ತೆ. ಬೆಂಗಳೂರಲ್ಲಿ ಪಿಜಿ ಮಾಡ್ಕೊಂಡು ಒಬ್ಬರೇ ಇದ್ದು ಓದಿದ್ರೆ ಏಕಾಗ್ರತೆ ಬರುತ್ತೆ ಅಂತಾರೆ, ನಾನು ನೋಡಿರೋ ಹಾಗೆ ಈಗಾಗ್ಲೇ ಸ್ನೇಹಿತರ ಫೋನ್ ಎತ್ತದೇ ಇರೋ ಮಗುಗೆ ಒಂಟಿ ರೂಮು ಒಳ್ಳೇದಲ್ಲ. ಸಾಲ ಮಾಡಿ ಬೆಂಗಳೂರಿಗೆ ಹೋಗೋದು ನಿಮಗೆ ಬೇಡ ಅಂತ ಖಡಾಖಂಡಿತವಾಗಿ ಹೇಳ್ತೀನಿ.

ಎರಡನೇ ದಾರಿ, ಬಿಕಾಂ ಸೇರಿ ಮೂರು ವರ್ಷ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ. ಒಟ್ಟು ಆರು ವರ್ಷ. ಒಂದು ವರ್ಷ ಡ್ರಾಪ್ ಮಾಡಿ ಐದು ವರ್ಷದ ಕೋರ್ಸ್ ಮಾಡಿದ್ರೂ ಆರೇ ವರ್ಷ! ಇದನ್ನ ದೊಡ್ಡಪ್ಪನಿಗೆ ಹಾಗೇ ಹೇಳಿ, ಒಂದು ವರ್ಷ ಹಾಳಾಯ್ತು ಅನ್ನೋ ಭಯ ಅರ್ಧ ಕಡಿಮೆ ಆಗುತ್ತೆ. ಬೆಂಗಳೂರಿನ ಲಾ ಸ್ಕೂಲಲ್ಲೇ 2022ರಿಂದ ಮೂರು ವರ್ಷದ ಎಲ್‌ಎಲ್‌ಬಿ ಇದೆ, ಅದಕ್ಕೆ ಕ್ಲಾಟ್ ಬೇಕಿಲ್ಲ, ಎನ್‌ಎಲ್‌ಸ್ಯಾಟ್ ಅಂತ ಬೇರೆ ಪರೀಕ್ಷೆ. ಎಲ್‌ಎಲ್‌ಬಿ ಆದ್ಮೇಲೆ ಎಲ್‌ಎಲ್‌ಎಂಗೆ ಕ್ಲಾಟ್ ಪಿಜಿ ಅನ್ನೋ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಇದೆ. ಅಂದ್ರೆ ಹದಿನೆಂಟನೇ ವಯಸ್ಸಿಗೆ ಆ ಗೇಟು ಮುಚ್ಚಿ ಹೋಗಲ್ಲ.

ಮೂರನೇದು, ನಿಮಗೆ ಹೊಂದುತ್ತೆ ಅಂತ ನನಗನ್ಸೋದು: ದಾವಣಗೆರೆಲಿ ಐದು ವರ್ಷದ ಬಿಎ ಎಲ್‌ಎಲ್‌ಬಿ ಸೇರಿ, ಮನೆಯಿಂದ ಓಡಾಡ್ಕೊಂಡು, ಕ್ಲಾಟ್ ಇನ್ನೊಂದೇ ಒಂದು ಸಲ ಬರೀರಿ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಪಿಯುಸಿ ಅಂಕದ ಮೇಲೆ ಸೀಟು, 91% ಇರೋ ನಿಮಗೆ ತೊಂದರೆ ಆಗಲ್ಲ. ಇದರಲ್ಲೂ ಕಷ್ಟ ಇದೆ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ 70% ಹಾಜರಾತಿ ಬೇಕು, ಕಾಲೇಜಿನ ಪರೀಕ್ಷೆನೂ ಡಿಸೆಂಬರ್ ಸುತ್ತಮುತ್ತ ಬಂದು ಕುತ್ತಿಗೆಗೆ ಕೂರಬಹುದು. ಇನ್ನೊಂದು, ನಾಳೆ ಕ್ಲಾಟ್‌ನಲ್ಲಿ ಸೀಟು ಸಿಕ್ರೆ ಇಲ್ಲಿ ಓದಿದ ಮೊದಲ ವರ್ಷ ಅಲ್ಲಿ ಲೆಕ್ಕಕ್ಕೆ ಬರಲ್ಲ, ಐದು ವರ್ಷದ ಲಾ ಕೋರ್ಸಿಗೆ ಮಧ್ಯದಲ್ಲಿ ನೇರ ಪ್ರವೇಶ ಬಾರ್ ಕೌನ್ಸಿಲ್ ನಿಯಮದಲ್ಲೇ ಇಲ್ಲ, ಮೊದಲನೇ ವರ್ಷದಿಂದಲೇ ಶುರು. ಹೋಗೋದು ಇಲ್ಲಿನ ಒಂದು ವರ್ಷದ ಫೀಸು, ಅದು ಬೆಂಗಳೂರಿನ ರೂಮು, ಕೋಚಿಂಗ್ ಅಂತ ಮಾಡೋ ಸಾಲದ ಮುಂದೆ ಸಣ್ಣದು. ಸೀಟು ಸಿಗದಿದ್ರೆ? ನೀವು ಆಗಲೇ ಲಾ ವಿದ್ಯಾರ್ಥಿನಿ, ಏನೂ ಕಳ್ಕೊಂಡಿರಲ್ಲ. ಸೇರುವಾಗ ಒಂದು ಎಚ್ಚರ, ಮೂಲ ಮಾರ್ಕ್ಸ್ ಕಾರ್ಡ್ ಕಾಲೇಜು ಇಟ್ಕೊಳ್ಳೋ ಹಾಗಿಲ್ಲ ಅಂತ ಯುಜಿಸಿ 2018ರಲ್ಲೇ ಹೇಳಿದೆ, ಪರಿಶೀಲನೆಗೆ ತೋರ್ಸಿ ವಾಪಸ್ ತಗೊಳ್ಳಿ.

ಆದ್ರೆ ಮತ್ತೆ ಬರೆಯೋ ನಿರ್ಧಾರನೂ ಇವತ್ತೇ ಮಾಡ್ಬೇಡಿ. ಜೂನ್ ಕೊನೆವರೆಗೂ ಟೈಮ್ ತಗೊಳ್ಳಿ. ಬೆಳಿಗ್ಗೆ ಪ್ರಜಾವಾಣಿಲಿ ಒಂದು ಸಂಪಾದಕೀಯ ಓದಿ, ವಿಷಯ ತಲೇಲಿ ಕೂತ್ಮೇಲೆ ಅದೇ ವಿಷಯನ ದಿ ಹಿಂದೂ ಅಥವಾ ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಟೈಮ್ ಇಟ್ಕೊಂಡು ಓದಿ. ಕನ್ನಡದಲ್ಲಿ ಅರ್ಥ ಆಗಿರೋ ವಿಷಯ ಇಂಗ್ಲಿಷ್‌ನಲ್ಲಿ ಓದುವಾಗ ಕಣ್ಣು ಪದಕ್ಕೆ ಪದಕ್ಕೆ ನಿಲ್ಲಲ್ಲ, ನನ್ನ ಕನ್ನಡ ಮೀಡಿಯಂ ಮಕ್ಕಳಿಗೆ ನಾನು ಮೊದಲು ಮಾಡ್ಸೋದು ಇದನ್ನೇ, ಆರು ವಾರದಲ್ಲಿ ಗಡಿಯಾರದಲ್ಲೇ ವ್ಯತ್ಯಾಸ ಕಾಣುತ್ತೆ. ಎರಡು ವಾರಕ್ಕೊಂದು ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕು, ಹಳೇ ಪೇಪರ್ ಒಂದು ಬರೀರಿ, 150 ಪ್ರಶ್ನೆ ಇದ್ದ ವರ್ಷದ ಪೇಪರ್ ಸಿಕ್ರೆ ಎಲ್ಲಾ ವಿಭಾಗದಿಂದ ಒಂದಷ್ಟು ತೆಗೆದು 120ಕ್ಕೆ ಇಳ್ಸ್ಕೊಳ್ಳಿ. ಆಮೇಲೆ ಪ್ರತಿ ತಪ್ಪಿನ ಪಕ್ಕ ಪೆನ್ಸಿಲ್‌ನಲ್ಲಿ ಬರೀರಿ: ಗೊತ್ತಿರಲಿಲ್ಲವಾ, ತಪ್ಪು ಓದಿದ್ರಾ, ಟೈಮ್ ಇಲ್ದೇ ಟಿಕ್ ಮಾಡಿದ್ರಾ. ನಾಲ್ಕನೇ ಪೇಪರ್ ಹೊತ್ತಿಗೆ ಸರಿ ಉತ್ತರ 75ರ ಮೇಲೆ, ತಪ್ಪು 30ರ ಕೆಳಗೆ ಬಂದಿದ್ರೆ ಧೈರ್ಯವಾಗಿ ಬರೀರಿ. 67 ಮತ್ತೆ 45ರ ಹತ್ರನೇ ನಿಂತಿದ್ರೆ ಕ್ಲಾಟ್ ಬಿಟ್ಟು ಕಾಲೇಜಿನ ಓದಿಗೆ ಪೂರ್ತಿ ಮನಸ್ಸು ಕೊಡಿ. ಈ ಗೆರೆ ನನ್ನ ಅನುಭವದಿಂದ ಎಳೆದಿದ್ದು, ಯಾವ ನಿಯಮದಲ್ಲೂ ಇಲ್ಲ, ಆದ್ರೆ ಇದು ಮೋಸ ಮಾಡಿದ್ದನ್ನ ನಾನು ಹೆಚ್ಚು ನೋಡಿಲ್ಲ.

ಬರೆಯೋದು ಅಂತಾದ್ರೆ ಈ ಸಲ ಅರ್ಜಿನ ಸೈಬರ್ ಸೆಂಟರ್‌ನೋರ ಕೈಗೆ ಬಿಡ್ಬೇಡಿ, ಪಕ್ಕದಲ್ಲೇ ಕೂತು ತುಂಬಿ. ಕರ್ನಾಟಕದಲ್ಲಿ ಕನಿಷ್ಠ ಹತ್ತು ವರ್ಷ ಓದಿದೋರಿಗೆ ಬೆಂಗಳೂರಿನ ಲಾ ಸ್ಕೂಲಲ್ಲಿ 25% ಸೀಟು ಮೀಸಲಿದೆ, ಒಂದರಿಂದ ಹನ್ನೆರಡರವರೆಗೂ ಇಲ್ಲೇ ಓದಿರೋ ನಿಮಗದು ಅನ್ವಯಿಸುತ್ತೆ. ಹೋದ ಸಲ ಆ ಕಾಲಂ ಖಾಲಿ ಬಿಟ್ಟಿದ್ರು ಅಂತ ಗೊತ್ತಾಗಿ ನಂಗೆ ಹೊಟ್ಟೆ ಉರೀತು, ಆ ರ್‍ಯಾಂಕಿಗೆ ಇದೊಂದರಿಂದ ಸೀಟು ಬರ್ತಿರಲಿಲ್ಲ ನಿಜ, ಆದ್ರೆ ಹಕ್ಕು ಹಕ್ಕೇ. ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಈಗಲೇ ಮಾಡಿಸಿಡಿ. ದೆಹಲಿಯ ಎನ್‌ಎಲ್‌ಯುಗೆ ಐಲೆಟ್ ಅಂತ ಬೇರೆ ಪರೀಕ್ಷೆ, 150 ಪ್ರಶ್ನೆ, ಅದರಲ್ಲಿ ಲಾಜಿಕಲ್ ಜಾಸ್ತಿ, ಅದು ನಿಮ್ಮ ಬಲ ಅಲ್ಲ, ಅದಕ್ಕೇ ಅಂತ ಬೇರೆ ತಯಾರಿ ಬೇಡ.

ರಾತ್ರಿ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ ಅನ್ನೋದು ಎರಡು ವಾರ ಮೀರಿ ಹಾಗೇ ಇದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನಮ್ಮ ವಿದ್ಯಾರ್ಥಿಗಳು ಮಾಡಿದಾರೆ, ಸಂಕೋಚ ಬೇಡ.

ಅಪ್ಪನ ವಿಷಯ. "ನಿನ್ನಿಷ್ಟ" ಅಂತ ಅವರು ಹೇಳಿದ್ದು ನಿಮ್ಮ ಮೇಲೆ ಹೊರೆ ಹಾಕೋಕಲ್ಲ ಅನ್ಸುತ್ತೆ, ಈ ಪರೀಕ್ಷೆ ಏನು ಎತ್ತ ಅಂತ ಅವರಿಗೆ ಗೊತ್ತಿಲ್ಲ, ತಾನು ಏನಾದ್ರೂ ಹೇಳಿ ಮಗಳಿಗೆ ತಪ್ಪು ದಾರಿ ತೋರ್ಸಿಬಿಟ್ರೆ ಅನ್ನೋ ಅಂಜಿಕೆ ಇರಬಹುದು. ಇವತ್ತು ಸಂಜೆ ಒಂದು ಹಾಳೇಲಿ ಮೂರು ದಾರಿ, ಪ್ರತಿಯೊಂದಕ್ಕೂ ಎಷ್ಟು ವರ್ಷ, ಎಷ್ಟು ದುಡ್ಡು ಅಂತ ಬರೆದು ಅವರ ಮುಂದೆ ಇಡಿ, ಜೂನ್ ಕೊನೆಗೆ ತೀರ್ಮಾನ ಅಂತ ತಾರೀಕೂ ಬರೀರಿ. ಅವರಿಗೂ ಹಿಡ್ಕೊಳ್ಳೋಕೆ ಏನೋ ಒಂದು ಸಿಗುತ್ತೆ. ನಾಲ್ಕನೇ ಪೇಪರ್ ಬರೆದ ಮೇಲೆ ಪೆನ್ಸಿಲ್ ಗುರುತು ಇರೋ ಆ ಹಾಳೆಗಳ ಫೋಟೋ ನಂಗೆ ಕಳಿಸಿ, ಒಂದೊಂದು ತಪ್ಪನ್ನೂ ನೋಡಿ ಉತ್ತರ ಬರೀತೀನಿ.